ಅಜ್ಜಿಯ ಅಮಾವಾಸ್ಯೆಯ ಲೆಕ್ಕ

ನಿವೃತ್ತನಾಗಿ ಕುಮಟೆಯಲ್ಲಿ ನೆಲೆಸಿದ ನನ್ನ ಬಳಿಗೆ ಹೊನ್ನಾವರದ ಮೀನುಗಾರರ ಮನೆಯ ಅಜ್ಜಿಯೊಬ್ಬರು ಏಳು ವರ್ಷದ ಮೊಮ್ಮಗಳೊಂದಿಗೆ ಬಂದರು. ಹುಡುಗಿಗೆ ಆಗಾಗ ತಲೆ ತಿರುಗುತ್ತಿತ್ತು. ಬಲಗಿವಿ ಮಂದವಾಗುತ್ತ ಬಂದಿತ್ತು. ಒಳಗಿವಿಯ ದ್ರವ ಮಧ್ಯಗಿವಿಗೆ ಸೋರಿದರೆ, ಆ ದ್ರವದಲ್ಲಷ್ಟೇ ಇರುವ ಪ್ರೋಟೀನೊಂದು ಅಲ್ಲಿ ಸಿಗುತ್ತದೆ. ಪ್ರಯೋಗಾಲಯದಲ್ಲಿ ಅದರ ಪತ್ತೆಯಲ್ಲೇ ನಾನು ವೃತ್ತಿಜೀವನ ಕಳೆದಿದ್ದೆ. ಈ ಹುಡುಗಿಯ ಮಧ್ಯಗಿವಿ ತೊಳೆದ ನೀರಿನಲ್ಲಿ ಅದು ಸಿಗದ ಕಾರಣ ವೈದ್ಯರು ಸೋರಿಕೆ ಮುಚ್ಚುವ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟಿದ್ದರು.

ಅಭ್ಯಾಸದಂತೆ ತಾರೀಖುಗಳನ್ನು ತಾಳೆ ನೋಡಿದೆ. ಹುಡುಗಿ ತಲೆ ತಿರುಗಿ ಬಿದ್ದ ಮರುದಿನವೇ ಕಿವಿ ತೊಳೆದದ್ದೆಂದು ಆಸ್ಪತ್ರೆಯ ಕಾಗದದಲ್ಲಿತ್ತು.

"ಎಂತ ಮರುದಿನ?" ಅಜ್ಜಿ ಸಿಡುಕಿದರು. "ಇವಳು ಬಿದ್ದದ್ದು ಅಮಾಸೆಗೆ. ತೊಳೆದದ್ದು ಹುಣ್ಣಿಮೆ ಮರುದಿನ. ನನ್ನ ಮಗ ದೊಡ್ಡ ಉಬ್ಬರದ ದಿನ ಬಿದ್ಲು ಅಂದ. ದೊಡ್ಡ ಉಬ್ಬರ ಅಮಾಸೆಗೂ ಬರ್ತದೆ ಅಂತ ಗೊತ್ತಿಲ್ದೆ ಆಸ್ಪತ್ರೆಯವರು ಹುಣ್ಣಿಮೆ ಉಬ್ಬರ ಅಂತ ಬರ್ಕಂಡ್ರು!"

ಪಂಚಾಂಗ ತೆರೆದೆ: ಕಿವಿ ತೊಳೆದದ್ದು ಹುಣ್ಣಿಮೆಯ ಮರುದಿನವೇ. ಅಜ್ಜಿಯ ಮಾತೇ ಸರಿ. ಎರಡು ವಾರದಲ್ಲಿ ಸೋರಿಕೆ ನಿಂತು, ಪ್ರೋಟೀನು ಅಳಿದುಹೋಗಿರಬಹುದಿತ್ತು. ಮತ್ತೆ ತಲೆ ತಿರುಗಿದ ದಿನವೇ ಕಿವಿ ತೊಳೆಯಬೇಕೆಂದು ವೈದ್ಯರಿಗೆ ಬರೆದೆ. ಅವರು ಹಾಗೆಯೇ ಮಾಡಿದರು, ಪ್ರೋಟೀನು ಸಿಕ್ಕಿತು. ಸೋರುತ್ತಿದ್ದ ಜಾಗವನ್ನು ಮುಚ್ಚಿದರು.

ಕೆಲವು ತಿಂಗಳ ಬಳಿಕ ಅಜ್ಜಿ ಮೊಮ್ಮಗಳೊಂದಿಗೆ ಮತ್ತೆ ಬಂದರು. ಶ್ರವಣ ಪರೀಕ್ಷೆಯ ನಕ್ಷೆಯನ್ನು ನಾನು ಬಿಡಿಸುವ ಮೊದಲೇ, ಹುಡುಗಿಯ ಎಡಗಿವಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಹಿಂದಿನಿಂದ ಪಿಸುಗುಟ್ಟಿದರು: "ಮಧ್ಯಾಹ್ನಕ್ಕೆ ಎಂತ ಮಾಡ್ಲೆ? ಬಂಗುಡೆ ಸಾರೋ, ಶೆಟ್ಲಿ ಸಾರೋ?"

"ಎರಡೂ!" ಎಂದು ಹುಡುಗಿ ಕೂಗಿದಳು.

ಬಲಗಿವಿ ಮತ್ತೆ ಕೇಳುತ್ತಿದೆಯೆಂದು ನಕ್ಷೆಯೂ ಹೇಳುತ್ತಿತ್ತು. ಅದರ ತಾರೀಖನ್ನು ಮಾತ್ರ ಅಜ್ಜಿಯನ್ನು ಕೇಳಿಯೇ ಖಚಿತಪಡಿಸಿಕೊಂಡೆ.