ಯಾ ಊರ ಮಣ್ಣರೀ ಇದು?

ದೇವಿಂದ್ರಪ್ಪ ಕೈ ಎತ್ತಿದರೆ ಎದುರಿನವನ ಹಲ್ಲು ಉಳಿಯುವುದಿಲ್ಲ ಎಂಬುದು ಕಲಬುರಗಿಯ ಹುಮನಾಬಾದ ರೋಡಿನ ಗ್ಯಾರೇಜ್ ಸಾಲಿಗೆಲ್ಲ ಗೊತ್ತಿದ್ದ ಮಾತು. ಅವನ ಶೆಡ್ಡಿಗೂ ನನ್ನ ಟಯರ್ ಅಂಗಡಿಗೂ ನಡುವೆ ಇರುವುದು ಒಂದು ತಗಡಿನ ಗೋಡೆ. ನನ್ನ ಹೆಸರು ಅಣವೀರಪ್ಪ. ಹನ್ನೊಂದು ವರ್ಷ ಅವನ ಬೈಗುಳ ಕೇಳುತ್ತಲೇ ನಾನು ಬೆಳಗಿನ ಚಹಾ ಕುಡಿದಿದ್ದೇನೆ. ಅವನ ಬಗ್ಗೆ ನಾನು ಹೇಳುವುದರಲ್ಲಿ ಸುಳ್ಳಿದೆ ಎನ್ನುವವರು ಅಂಗಡಿಗೆ ಬಂದು ನನ್ನೆದುರು ನಿಂತು ಹೇಳಲಿ.

ಕಾರಿನ ತಳಕ್ಕೆ ಕೋಟಿಂಗ್ ಹೊಡೆಯುವುದು ಅವನ ಕಸುಬು. ತಳಕ್ಕೆ ಯಾರು ಬೇಕಾದರೂ ಹೊಡೆಯುತ್ತಾರೆ. ಗಾಲಿ ಬಿಚ್ಚಿದ ಮೇಲೆ ಒಳಗೆ ಕಮಾನಿನಂಥ ಒಂದು ಗೂಡು ಕಾಣುತ್ತದಲ್ಲ, ನಾವು ಮಡ್‌ಗಾರ್ಡ್ ಎನ್ನುತ್ತೇವೆ, ಅದರೊಳಗೆ ಹೊಡೆಯುವುದರಲ್ಲಿ ಅವನ ಸರಿಸಾಟಿ ಯಾರೂ ಇರಲಿಲ್ಲ. ಗಾಲಿ ಎರಚುವ ಕೆಸರು, ಕಲ್ಲು ಎಲ್ಲ ಅಲ್ಲೇ ಹೋಗಿ ಕೂರುತ್ತದೆ. ಕಬ್ಬಿಣ ಮೊದಲು ಕೊಳೆಯುವುದೂ ಅಲ್ಲೇ. ದೇವಿಂದ್ರಪ್ಪ ಬೆರಳ ಗೆಣ್ಣಿನಿಂದ ತಗಡು ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಸಪ್ಪೆ ಸದ್ದು ಬಂದರೆ ಮುಗಿಯಿತು, ತುಕ್ಕು ಅವನ ಹುಟ್ಟಾ ವೈರಿ. “ಬಾ ಮಗನ, ಹೊರಗ ಬಾ, ಇವತ್ತ ನಿಂದದ” ಎಂದು ಬೈಯುತ್ತ ತಂತಿ ಬ್ರಷ್ಷಿನಿಂದ ಉಜ್ಜುವಾಗ ಒಳಗೆ ಯಾರನ್ನೋ ಹೊಡೆದು ಹಾಕುತ್ತಿದ್ದಾನೆ ಅನಿಸುತ್ತಿತ್ತು. ಆಮೇಲೆ ತೊಳೆದು, ಒಣಗಿಸಿ, ಬ್ರೇಕಿಗೆ ಕಾಗದ ಸುತ್ತಿ, ಗನ್ನು ಹಿಡಿದು ಕರಿ ಕೋಟಿಂಗ್ ಎರಡು ಸಲ ಹೊಡೆಯುತ್ತಿದ್ದ.

ಇದೆಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸವಿತ್ತು. ಗೂಡಿನೊಳಗಿನ ಮಣ್ಣನ್ನು ಸ್ವಲ್ಪ ಕೆರೆದು, ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿ, ಗಾಡಿಯವರನ್ನು ಕೇಳುತ್ತಿದ್ದ: “ಯಾ ಊರ ಮಣ್ಣರೀ ಇದು?” ಕಮಲಾಪುರದ ಕೆಂಪು ಮಣ್ಣು ಸುಮ್ಮನೆ ಉದುರಿ ಹೋಗುತ್ತದೆ, ಮಹಾಗಾಂವದ ಎರೆ ಮಣ್ಣು ಅಂಟಿಕೊಂಡು ನೀರು ಹಿಡಿದಿಡುತ್ತದೆ, ಸವಳು ಮಣ್ಣಾದರೆ ಇನ್ನೊಂದು ಪದರ ಜಾಸ್ತಿ ಬೇಕು. ಮಣ್ಣು ತಿಳಿಯದೆ ಅವನು ಗನ್ನು ಮುಟ್ಟುತ್ತಿರಲಿಲ್ಲ. ಮೊದಲು ಒಂದು ಶೋರೂಮಿನಲ್ಲಿದ್ದಾಗ ಅಲ್ಲಿನ ಮ್ಯಾನೇಜರ್ ಹಸಿ ಮಣ್ಣಿನ ಮೇಲೆಯೇ ಹೊಡೆದುಬಿಡು ಎಂದನಂತೆ. ಇವನು ಆ ಮ್ಯಾನೇಜರನ ಕತ್ತು ಹಿಡಿದು ಮಡ್‌ಗಾರ್ಡಿನೊಳಗೆ ತುರುಕಿ, ಆ ಮಣ್ಣಿಗೇ ಮುಖ ತಿಕ್ಕಿದ. ಕೆಲಸ ಹೋಯಿತು.

ಅವನಿಗೆ ಸ್ವಲ್ಪವಾದರೂ ಅಂಜಿಕೆ ಇದ್ದದ್ದು ಮಹಾಗಾಂವದಲ್ಲಿದ್ದ ಅವನ ಸೋದರತ್ತೆ ಶಿವಕಾಂತಮ್ಮನದು ಮಾತ್ರ. ತಾಯಿಯಿಲ್ಲದ ಇವನನ್ನು ಸಾಕಿದವಳು, ಮಕ್ಕಳಿಲ್ಲದವಳು, ಅರವತ್ತೈದರಲ್ಲೂ ತೊಗರಿ ಹೊಲದಲ್ಲಿ ಕಸ ತೆಗೆಯುತ್ತಿದ್ದವಳು. ಎರಡು ವರ್ಷದ ಹಿಂದೆ ಕಮಲಾಪುರ ಬಸ್ ಸ್ಟ್ಯಾಂಡಿನ ಮುಂದೆ ಒಬ್ಬ ಟೆಂಪೋ ಡ್ರೈವರ್ ಆಕೆಯನ್ನು ಜಾತಿ ಎತ್ತಿ ಬೈದು ಸೀಟಿನಿಂದ ಎಳೆದು ಇಳಿಸಿದ. ಜೊತೆಗಿದ್ದ ದೇವಿಂದ್ರಪ್ಪ ಅವನ ದವಡೆ ಮುರಿದ. ಬಿದ್ದ ಮೇಲೂ ಬಿಡಲಿಲ್ಲ, ನಾಲ್ಕು ಜನ ಸೇರಿ ಎಳೆದರು. ಕೊನೆಗೆ ಕಮಲಾಪುರದ ತಹಶೀಲ್ ಕಚೇರಿಯಲ್ಲಿ, ಇನ್ನು ಮುಂದೆ ಶಾಂತಿಯಿಂದ ಇರುತ್ತೇನೆಂದು ಬಾಂಡ್ ಬರೆದುಕೊಡಬೇಕಾಯಿತು. ಜಾಮೀನಿಗೆ ಯಾರೂ ಮುಂದೆ ಬರಲಿಲ್ಲ. ಮುದುಕಿಯೇ ತನ್ನ ಒಂದೆಕರೆ ಪಹಣಿ ಹಿಡಿದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿದಳು. ನಾನೂ ಅಲ್ಲೇ ಇದ್ದೆ. ಒತ್ತಿದ ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತ ಆಕೆ ಅಂದಳು:

“ಕೇಳೋ ದೇವ್ಯಾ. ಇನ್ನ ಮ್ಯಾಲ ನೀ ಯಾರ ಮ್ಯಾಲ ಕೈ ಎತ್ತಿದ್ರೂ ನನ್ನ ಮ್ಯಾಲ ಎತ್ತಿದಂಗ.”

ಅಂದಿನಿಂದ ಅವನು ಕೈ ಎತ್ತಿರಲಿಲ್ಲ. ಸಿಟ್ಟು ಬಂದಾಗ ತಗಡಿನ ಗೋಡೆಗೆ ಗುದ್ದುತ್ತಿದ್ದ, ನನ್ನ ಕಡೆಯ ಮೊಳೆಯ ಮೇಲಿದ್ದ ಕ್ಯಾಲೆಂಡರ್ ಬೀಳುತ್ತಿತ್ತು. ನಾನು ಎತ್ತಿ ಮತ್ತೆ ತೂಗುಹಾಕುತ್ತಿದ್ದೆ.

ಕಳೆದ ಶ್ರಾವಣದ ಒಂದು ಸೋಮವಾರ ಅವನ ಫೋನು ಬಂತು. “ಅತ್ತಿ ಹೋದ್ಳು ಅಣ್ಣಾ. ನಿನ್ನಿ ಸಂಜಿಗಿ ಹೊಲದಿಂದ ಬರಾಕತ್ತಿದ್ಳು, ಯಾವುದೋ ಗಾಡಿ ಗುದ್ದಿ ನಿಲ್ಲದಂಗ ಹೋಗ್ಯದ. ನಾಳಿಗಿ ಮಣ್ಣು.” ನಮ್ಮ ಕಡೆ ಹೂಳುವುದಕ್ಕೆ ಮಣ್ಣು ಎನ್ನುತ್ತೇವೆ. ಅದಕ್ಕೆ ಹೋದವರು ಮಣ್ಣಿಗೆ ಹೋಗಿದ್ದಾರೆ, ಹೂಳಿದ್ದಾದರೆ ಮಣ್ಣಾಯಿತು. ಹೊಲದಲ್ಲಿರುವುದೂ ಮಣ್ಣೇ. ಯಾವಾಗ ಯಾವುದು ಎಂದು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳವಾರ ನನ್ನ ಅಂಗಡಿಗೆ ಸುನೀಲಕುಮಾರ ಬಂದ. ನಂದೂರಿನಲ್ಲಿ ದಾಲ್ ಮಿಲ್ ಇರುವವನು, ಅವನ ಲಾರಿಗಳಿಗೆಲ್ಲ ನನ್ನವೇ ಟಯರ್. ಹೊಸ ಬಂಪರ್ ಹಾಕಿದ ಬಿಳಿ ಗಾಡಿ. ತಳಕ್ಕೆ, ಮಡ್‌ಗಾರ್ಡಿಗೆ ಕೂಡಲೇ ಕೋಟಿಂಗ್ ಆಗಬೇಕು ಎಂದ.

“ದೇವಿಂದ್ರ ಮಣ್ಣಿಗೆ ಹೋಗ್ಯಾನರೀ, ನಾಳಿಗಿ ಬರ್ರಿ” ಎಂದೆ.

ಯಾರು ಮಣ್ಣಿಗೆ ಹೋಗಿದ್ದಾರೆಂದರೂ “ಅಯ್ಯ, ಯಾರ್ದರೀ?” ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಅವನು ಕೇಳಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದ. ನನ್ನ ಮಂದ ತಲೆಗೆ ಆಗ ಏನೂ ಹೊಳೆಯಲಿಲ್ಲ.

ಬುಧವಾರ ಹತ್ತು ಗಂಟೆಗೆ ಸುನೀಲಕುಮಾರ ಇಬ್ಬರು ಜೊತೆಗಾರರನ್ನು ಕರೆದುಕೊಂಡು ಬಂದ, ನಾನೇ ಅವರನ್ನು ಪಕ್ಕದ ಶೆಡ್ಡಿಗೆ ಕರೆದೊಯ್ದೆ. ಮೂರು ರಾತ್ರಿಯಿಂದ ನಿದ್ದೆಯಿಲ್ಲದ ದೇವಿಂದ್ರಪ್ಪ ಗಾಡಿಗೆ ಜಾಕ್ ಕೊಟ್ಟು ಎಡಗಡೆಯ ಮುಂದಿನ ಗಾಲಿ ಬಿಚ್ಚಿದ. “ತೊಳಿಯೂದು ಗಿಳಿಯೂದು ಬ್ಯಾಡ, ಹಂಗೇ ಮ್ಯಾಲ ಹೊಡದುಬಿಡು” ಎಂದ ಸುನೀಲಕುಮಾರ.

“ಮಣ್ಣಿನ ಮ್ಯಾಲ ನಾ ಹೊಡಿಯೂದಿಲ್ಲರೀ” ಎನ್ನುತ್ತ ಇವನು ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿದ. ಹೊರಗೆಲ್ಲ ತೊಳೆದಿದ್ದರೂ ಅದರ ಹಿಂದೆ ಕೈಯಗಲದ ಕರಿ ಮಣ್ಣು ಕಚ್ಚಿಕೊಂಡು ಕೂತಿತ್ತು. ಇವನು ಚೂರು ಕೆರೆದು ಹೆಬ್ಬೆರಳಿನಲ್ಲಿ ತಿಕ್ಕಿದ. ತಲೆ ಎತ್ತದೆಯೇ, ಎಂದಿನಂತೆ ಕೇಳಿದ:

“ಯಾ ಊರ ಮಣ್ಣರೀ ಇದು?”

ಸುನೀಲಕುಮಾರ ಬೆಚ್ಚಿಬಿದ್ದ. “ಮಹಾಗಾಂವದ ಮುದುಕಿ ಮಣ್ಣು ನಿನ್ನೇ ಆತಂತಲ್ಲೋ! ಅದನ್ನ ನನ್ನ ಯಾಕ ಕೇಳ್ತಿ?”

ಮಹಾಗಾಂವ ಎಂದು ಯಾರೂ ಹೇಳಿರಲಿಲ್ಲ. ಮುದುಕಿ ಎಂದೂ ಯಾರೂ ಹೇಳಿರಲಿಲ್ಲ. ದೇವಿಂದ್ರಪ್ಪ ಮೊಬೈಲಿನ ಬೆಳಕು ಹಾಕಿ ಗೂಡಿನೊಳಗೆ ನೋಡಿದ. ಮಣ್ಣಿನ ನಡುವೆ ಗೇಣುದ್ದದ ಕೆಂಪು ಬಟ್ಟೆ. ಜಯಂತಿಗೆ ಉಟ್ಟುಕೊಳ್ಳಲಿ ಎಂದು ಏಪ್ರಿಲಿನಲ್ಲಿ ಅವನೇ ಸೂಪರ್ ಮಾರ್ಕೆಟಿನಲ್ಲಿ ಕೊಡಿಸಿದ್ದ ಇಳಕಲ್ ಸೀರೆಯ ಸೆರಗು.

ಅವನು ಎದ್ದು ನಿಂತ. ಬಲಗೈಯಲ್ಲಿ ಮಣ್ಣು ಕೆರೆಯುವ ಕಬ್ಬಿಣದ ಪಟ್ಟಿ ಇತ್ತು. ಕೈ ಭುಜದವರೆಗೂ ಮೇಲೆದ್ದಿತು. ಸುನೀಲಕುಮಾರನ ಗಂಟಲಿಗೂ ಅದಕ್ಕೂ ಒಂದು ಮಾರು ದೂರವಿತ್ತು, ಅಷ್ಟೇ. ಹೊಡಿ, ಹೊಡದುಬಿಡು ಎಂದು ನನ್ನ ರಕ್ತವೆಲ್ಲ ಕೂಗುತ್ತಿತ್ತು. ಅವನು ಆ ಪಟ್ಟಿಯನ್ನು ರಸ್ತೆಯಾಚೆ ಬೀಸಿ ಒಗೆದ.

“ಅಣ್ಣಾ, ಪೊಲೀಸರಿಗೆ ಫೋನ್ ಮಾಡ್ರಿ. ಈ ಮಣ್ಣ ಯಾರೂ ಮುಟ್ಟಬಾರದು.”

ಸುನೀಲಕುಮಾರನಿಗೂ ಆಗ ಅರ್ಥವಾಯಿತು. “ತೊಳೀರೋ ಅದನ್ನ!” ಎಂದು ಕಿರುಚಿದ. ಒಬ್ಬ ಜೊತೆಗಾರ ಶೆಡ್ಡಿನ ಗಾಡಿ ತೊಳೆಯುವ ಪಂಪು ಚಾಲೂ ಮಾಡಿದ. ದೇವಿಂದ್ರಪ್ಪ ಏನು ಮಾಡಿದನೆಂದರೆ, ನೆಲಕ್ಕೆ ಬಿದ್ದು ತಲೆ, ಹೆಗಲು, ಎಡಗೈ ಎಲ್ಲ ಆ ಗೂಡಿನೊಳಗೆ ತೂರಿಸಿ ಮಣ್ಣಿಗೆ ಎದೆಯೊಡ್ಡಿ ಬಿಗಿಯಾಗಿ ಹಿಡಿದುಕೊಂಡ. ನೀರಿನ ಹೊಡೆತ ಅವನ ಬೆನ್ನಿಗೆ ಬಿತ್ತು. ಲಾರಿಯ ಕೆಸರು ಕಿತ್ತು ಹಾಕುವ ನೀರು ಅದು. ಅಂಗಿ ಹರಿದು ಚರ್ಮ ಎದ್ದಿತು. ಅವನು ಅಲುಗಲಿಲ್ಲ. ಇನ್ನೊಬ್ಬ ಪಕ್ಕೆಗೆ ಒದ್ದ. ಸುನೀಲಕುಮಾರ ಗಾಲಿಯ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅವನ ಸೊಂಟಕ್ಕೆ, ತೊಡೆಗೆ, ಮೊಣಕಾಲಿಗೆ ಬಾರಿಸತೊಡಗಿದ. ಕಬ್ಬಿಣ ಎಲುಬಿಗೆ ಬಡಿಯುವ ಸದ್ದು ತಗಡಿನ ಶೆಡ್ಡಿನಲ್ಲಿ ಎರಡೆರಡು ಸಲ ಕೇಳುತ್ತಿತ್ತು. ಒಳಗಿನಿಂದ ಅವನ ಕೂಗು: “ಅತ್ತೀ, ಕೈ ಎತ್ತಿಲ್ಲ ನೋಡು! ನಾ ಕೈ ಎತ್ತಿಲ್ಲ!”

ನಾನು? ನಾನು ಪೊಲೀಸರಿಗೆ ಫೋನು ಮಾಡಿ ಅಲ್ಲೇ ನಿಂತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಏಟುಗಳನ್ನು ಎಣಿಸುತ್ತ ನಿಂತಿದ್ದೆ. ಲಾರಿಗಳ ಗಿರಾಕಿ, ಪರಿಚಯದ ಮನೆತನ, ಮದುವೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು. ಇದೆಲ್ಲ ಕಾಲಿಗೆ ಹಗ್ಗ ಕಟ್ಟಿದಂತೆ ನನ್ನನ್ನು ಹಿಡಿದಿತ್ತು. ಹದಿನಾಲ್ಕರವರೆಗೆ ಎಣಿಸಿದೆ. ಆಗ ಜೊತೆಗಾರರಲ್ಲಿ ಒಬ್ಬ ಜಾಕ್ ಸಡಿಲ ಮಾಡಿದ. ಗಾಡಿ ದಡಕ್ಕನೆ ಕೂತಿತು. ಗಾಲಿಯಿಲ್ಲದ ಆ ಮೂಲೆಯ ಬ್ರೇಕಿನ ತಟ್ಟೆ ನೆಲದ ಮೇಲಿದ್ದ ಅವನ ಬಲಗೈ ಮೇಲೆ ಬಿತ್ತು. ಅವನ ಚೀರಾಟ ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಆ ಚೀರಾಟಕ್ಕೆ ನನ್ನ ಹಗ್ಗ ಹರಿಯಿತು. ನನ್ನ ಅಂಗಡಿಯ ಲಾರಿ ಪಾನಾ ಎತ್ತಿಕೊಂಡು ಓಡಿದೆ. ಸುನೀಲಕುಮಾರನ ಮೊಣಕಾಲಿಗೆ ಬಾರಿಸಿದೆ, ಬಿದ್ದ ಮೇಲೆ ಇನ್ನೊಂದು. ಎದುರಿನ ಡೆಂಟಿಂಗ್ ಅಂಗಡಿಯ ಚಾಂದಪಾಶಾ ಸುತ್ತಿಗೆ ಹಿಡಿದು ಬಂದದ್ದನ್ನು ಕಂಡು ಜೊತೆಗಾರರಿಬ್ಬರೂ ಕಾಲಿಗೆ ಬುದ್ಧಿ ಹೇಳಿದರು. ಚಾಂದಪಾಶಾ ಜಾಕ್ ಕೊಟ್ಟು ಗಾಡಿ ಎತ್ತಿದ. ದೇವಿಂದ್ರಪ್ಪ ಆಗಲೂ ಹೊರಗೆ ಬರಲಿಲ್ಲ. ಪೊಲೀಸರ ದನಿ ಕಿವಿಗೆ ಬಿದ್ದ ಮೇಲೆಯೇ ಹಿಡಿತ ಬಿಟ್ಟ. ಅವನ ಎದೆಯ ಮರೆಯಲ್ಲಿದ್ದ ಮಣ್ಣು ಒದ್ದೆಯಾಗದೆ ಹಾಗೇ ಉಳಿದಿತ್ತು. ಅದರಲ್ಲಿ ಆ ಸೆರಗು, ಸೆರಗಿಗೆ ಸುತ್ತಿಕೊಂಡ ಬಿಳಿ ಕೂದಲು. ಪೊಲೀಸರು ಎಲ್ಲವನ್ನೂ ಪಂಚ ಸಾಕ್ಷಿಗಳ ಎದುರು ಕಾಗದದಲ್ಲಿ ಕಟ್ಟಿಕೊಂಡು ಹೋದರು.

ಸುನೀಲಕುಮಾರ ಜೈಲಿಗೆ ಹೋದ, ಮೊಕದ್ದಮೆ ನಡೆದಿದೆ. ದೇವಿಂದ್ರಪ್ಪನ ಬಲಗೈಯ ಮೂರು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು. ಗನ್ನಿನ ಕುದುರೆ ಒತ್ತುವ ಬೆರಳೂ ಅದರಲ್ಲಿತ್ತು.

ಸುನೀಲಕುಮಾರನ ಮೊಣಕಾಲು ಮುರಿದದ್ದಕ್ಕೆ ನನ್ನ ಮೇಲೂ ಕೇಸಾಯಿತು. ಆಗಲಿ, ನನಗೆ ಅದರ ಬಗ್ಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಕೋರ್ಟಿನಲ್ಲಿ ಜಾಮೀನು ಬೇಕೆಂದರು. ಸ್ವಂತ ತಮ್ಮನನ್ನು ಕೇಳಿದರೆ “ಮುಂದಿನ ವಾರ ನೋಡೋಣ” ಎಂದ. ಮದುವೆಯ ಪಂಕ್ತಿಯವರು ಯಾರೂ ಫೋನು ಎತ್ತಲಿಲ್ಲ. ಆ ದಿನ ಕೋರ್ಟಿನ ಮೆಟ್ಟಿಲ ಮೇಲೆ ದೇವಿಂದ್ರಪ್ಪ ಕುಂಟುತ್ತ ಬಂದ. ಬಗಲಲ್ಲಿ ತಂದೆಯಿಂದ ಬಂದ ತನ್ನ ಅರ್ಧ ಎಕರೆಯ ಪಹಣಿ.

ಸಹಿ ಎಲ್ಲಿ ಮಾಡಬೇಕೆಂದು ಗುಮಾಸ್ತ ತೋರಿಸಿದ. ಎಂಟನೆಯ ಇಯತ್ತೆ ಓದಿದ್ದ ಅವನಿಗೆ ತನ್ನ ಸಹಿಯೆಂದರೆ ಬಹಳ ಹೆಮ್ಮೆಯಿತ್ತು, ಬಿಲ್ಲಿನ ಮೇಲೂ ಕೆಳಗೊಂದು ಗೆರೆ ಎಳೆದು ಬರೆಯುತ್ತಿದ್ದ. ಬ್ಯಾಂಡೇಜಿನ ಬಲಗೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಎಡಗೈ ಚಾಚಿ, ಅತ್ತೆ ಮಾಡಿದ್ದ ಹಾಗೆ, ಹೆಬ್ಬೆಟ್ಟು ಒತ್ತಿದ. ಮಸಿಯನ್ನು ಅಂಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದ.

“ಅಣ್ಣಾ, ಇನ್ನ ಮ್ಯಾಲ ನೀವು ಯಾರ ಮ್ಯಾಲ ಕೈ ಎತ್ತಿದ್ರೂ ನನ್ನ ಮ್ಯಾಲ ಎತ್ತಿದಂಗ.”

ನನಗೆ ತಡೆದುಕೊಳ್ಳಲಾಗಲಿಲ್ಲ. ಅಷ್ಟು ಜನರ ಮುಂದೆಯೇ ಅತ್ತುಬಿಟ್ಟೆ. “ದೇವಿಂದ್ರ, ಅವತ್ತ ನಾ ಲಗೂ ಬರಲಿಲ್ಲೋ. ಹದಿನಾಲ್ಕ ಏಟು ಬೀಳೂತನಕ ಎಣಿಸ್ಕೋತ ನಿಂತಿದ್ದೆ” ಎಂದೆ.

ಅವನು ಪಹಣಿ ಮಡಚಿ ಬಗಲಲ್ಲಿ ಇಟ್ಟುಕೊಂಡ.

“ಗೊತ್ತದರೀ ಅಣ್ಣಾ” ಎಂದ. “ಒಳಗ ಮಕಾ ಹಾಕ್ಕೊಂಡು ನಾನೂ ಎಣಿಸಾಕತ್ತಿದ್ದೆ, ನೀವು ಯಾವಾಗ ಬರ್ತೀರಿ ಅಂತ.”