ಬೇರು ಕೇಳುತ್ತಿದ್ದ ಕಾಕಾ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ದಡ್ಡತನ ಮಾಡಿದವನು ನಾನೇ. ಪಕ್ಕದ ಅಂಗಡಿಯ ಕಾಕಾನ ದನಿಯಲ್ಲಿ ಫೋನಿಗೆ ಉತ್ತರ ಕೊಟ್ಟು ಒಬ್ಬ ಹೆಣ್ಣುಮಗಳ ಉಳ್ಳಾಗಡ್ಡಿ ಬೆಳೆ ಕೆಡಿಸಿದೆ. ಇದು ನನಗೂ ಕಾಕಾನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂತ ಮೊನ್ನೆಯವರೆಗೆ ಅಂದುಕೊಂಡಿದ್ದೆ.

ಮೊನ್ನೆ ಆ ಹೆಣ್ಣುಮಗಳೇ, ತಂಬ್ರಹಳ್ಳಿ ದೊಡ್ಡವ್ವ, ಹಗರಿಬೊಮ್ಮನಹಳ್ಳಿಯ ನನ್ನ ಝೆರಾಕ್ಸ್ ಅಂಗಡಿಗೆ ಪಹಣಿ ಹಿಡಿದು ಬಂದಳು. ಚೀಲದಿಂದ ಪಹಣಿಯ ಜೊತೆ ಹಳೇ ಪೇಪರಿನ ಸುರುಳಿಯೂ ಹೊರಬಂತು. ಬಿಚ್ಚಿದರೆ ಬೇರುಸಮೇತ ಕಿತ್ತ ಉಳ್ಳಾಗಡ್ಡಿ ಗಿಡ. ಹಸಿಮಣ್ಣಿನ ವಾಸನೆ, ಅದರೊಳಗೆ ಉಳ್ಳಾಗಡ್ಡಿಯ ಘಾಟು... ಗೋಡೆಯಾಚೆ ಕಾಕಾ ಕೆಮ್ಮಿದ ಹಾಗಾಯಿತು.

ಕಾಕಾನದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಕೊಟ್ಟೂರು, ಹಡಗಲಿ ಕಡೆಯವರೂ ಬರುತ್ತಿದ್ದರು. ಬಂದವರು ಒಂದು ಎಲೆ ತೋರಿಸಿ ರೋಗಕ್ಕ ಹೊಡಿಯೋ ಎಣ್ಣಿ ಕೊಡ್ರಿ ಅಂದರೆ ಕಾಕಾ ಎಲೆಯನ್ನು ಮುಟ್ಟುತ್ತಲೂ ಇರಲಿಲ್ಲ. ಬೇರು ತಾ ಅನ್ನುತ್ತಿದ್ದರು. "ಎಲಿ ನೋಡಿ ಬಾಯಿ ಹಾಕಾಕ ನಾನೇನು ಆಡು ಅದೀನೇನು?" ಸಿಟ್ಟು ಮಾಡಿಕೊಂಡು ಎದುರಿನ ಅಂಗಡಿಗೆ ಹೋದವರೂ ಇದ್ದರು. ಇನ್ನು ಕೆಲವರು ಮರುದಿನ ಬೇರು, ಮಣ್ಣು ಎಲ್ಲ ಪೇಪರಿನಲ್ಲಿ ಸುತ್ತಿಕೊಂಡು ವಾಪಸ್ಸು ಬರುತ್ತಿದ್ದರು. ಆಗ ಕಾಕಾ ಅಂಗಿಯ ಗುಂಡಿಗೆ ಕಟ್ಟಿಕೊಂಡಿದ್ದ ಭೂತಗನ್ನಡಿ ತೆಗೆದು, ಮಗುವಿನ ಕಿವಿ ನೋಡುವ ಹಾಗೆ ನೋಡುತ್ತಿದ್ದರು.

ನಾನು ಕಾಗದವನ್ನಷ್ಟೇ ಅಲ್ಲ, ಮನುಷ್ಯರನ್ನೂ ಝೆರಾಕ್ಸ್ ತೆಗೆಯುತ್ತಿದ್ದೆ. ಬಸ್ಸಿನ ಕಂಡಕ್ಟರು, ತಾಲೂಕಾಫೀಸಿನ ಗುಮಾಸ್ತ, ನನಗೆ ಬೈಯುವ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ನಿನ್ನ ಸ್ವಂತ ದನಿ ಯಾವುದೋ ಅಂತ ಕೇಳಿದರೆ ಮಾತ್ರ ತಡವರಿಸುತ್ತಿದ್ದೆ. ಕಾಕಾನದು ಸುಲಭ. ಎರಡು ಸಲ ಕೆಮ್ಮು, ಕನ್ನಡಕ ಮೇಲಕ್ಕೆ, ಆಮೇಲೆ ಎಳೆದು "ಹೇಳವ್ವಾ". ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದವರು ಅವರೇ.

ಒಂದು ಮಧ್ಯಾಹ್ನ ಕಾಕಾ ಫೋನನ್ನು ಚಾರ್ಜಿಗೆ ಇಟ್ಟು, ಅಂಗಡಿ ನೋಡಿಕೋ ಅಂತ ಹೇಳಿ ಊಟಕ್ಕೆ ಹೋದರು. ಫೋನು ಬಡಿದುಕೊಂಡಿತು. ಎತ್ತಿದರೆ ಹೆಣ್ಣುದನಿ. ಎರಡು ಸಲ ಕೆಮ್ಮಿದೆ. ಎಲಿ ಹೆಂಗ ಅದಾವವ್ವಾ ಅಂದೆ. ಆ ಕಡೆ ದೊಡ್ಡವ್ವ. ಅವಳ ಉಳ್ಳಾಗಡ್ಡಿ ನಾಲ್ಕೇ ದಿನದಲ್ಲಿ ಉದ್ದುದ್ದ ಎದ್ದಿದೆಯಂತೆ, ಎಲೆ ತೆಳ್ಳಗಾಗಿ ಸ್ವಲ್ಪ ತಿರುಚಿಕೊಂಡಿದೆಯಂತೆ. ನಾನು ಕಾಕಾನ ದನಿಯಲ್ಲೇ, ಚಲೋ ಬೆಳಿಯಾಕ ಹತ್ತೈತಿ, ನೀರು ಬಿಡವ್ವ ಅಂದೆ. ಫೋನಿಟ್ಟು ಒಬ್ಬನೇ ನಕ್ಕೆ. ಸಂಜೆಗೆ ಮರೆತೂ ಬಿಟ್ಟೆ.

ವಾರದ ಮೇಲೆ ದೊಡ್ಡವ್ವ ಗಿಡ ಹಿಡಿದು ಬಂದಳು. ಕುತ್ತಿಗೆ ಗೇಣುದ್ದ, ಕೆಳಗೆ ಗಡ್ಡೆಯೇ ಇಲ್ಲ. ತಮ್ಮಂದಿರು ಬೇಡ ಅಂದರೂ ಕೇಳದೆ, ಆ ವರ್ಷ ಮೊದಲ ಸಲ ತನ್ನ ಮಾತೇ ನಡೆಸಿ ಇಡೀ ಹೊಲಕ್ಕೆ ಉಳ್ಳಾಗಡ್ಡಿ ಹಾಕಿದ್ದವಳು. ನೀವಾ ಹೇಳಿದ್ರಲ್ಲಣ್ಣ, ನೀರು ಬಿಡು ಅಂತ, ಅಂದಳು. ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಅವಳಿಗೆ, "ಹೌದವ್ವ, ನಂದಾ ತಪ್ಪಾತು. ಫೋನಿನಾಗ ಸರಿಯಾಗಿ ಕೇಳಲಿಲ್ಲ" ಅಂದರು.

ಆವತ್ತೇ ನನ್ನ ಗಾಡಿಯ ಮೇಲೆ ಅವಳ ಹೊಲಕ್ಕೆ ಹೋದೆವು. ಕಾಕಾ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವಳಿಗೆ ತಿಳಿಸಿ ಹೇಳಿದರು. "ಇದು ಬೂಷ್ಟಿನ ರೋಗ ಅವ್ವ. ಗಿಡ ಬೆಳಿಯಾಕ ತಾನಾ ಒಂದು ರಸ ಮಾಡ್ಕೊಂತೈತಿ. ಈ ಬೂಷ್ಟೂ ಅಂಥದ್ದಾ ರಸ ಮಾಡಿ ಬಿಡ್ತೈತಿ. ಜೀವಕೋಶಕ್ಕ ಗುರ್ತಾ ಸಿಗಂಗಿಲ್ಲ. ನಮ್ಮ ಮನಿಯವರಾ ಕರದ್ರು ಅಂತ ಬಾಗಲಾ ತಗೀತೈತಿ." ಗಿಡ ಸುಮ್ಮನೆ ಉದ್ದಕ್ಕೆ ಏಳುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ, ನೀರು ಬಿಟ್ಟಷ್ಟೂ ರೋಗ ಹಬ್ಬುತ್ತದೆ. ಇನ್ನು ಕೆಲವು ಬೂಷ್ಟಿನ ವಿಷಕ್ಕೆ ಅಷ್ಟು ನಾಟಕವೂ ಬೇಡವಂತೆ. ಜೀವಕೋಶದ ಪೊರೆಯನ್ನೇ ತೂತು ಮಾಡುತ್ತದೆ, ಒಳಗಿನದೆಲ್ಲ ಸೋರಿದಾಗ ಬೂಷ್ಟು ಕೂತು ಉಣ್ಣುತ್ತದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ನಾನು ಬದುವಿನ ಮೇಲೆ ನಿಂತು ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

ರೋಗದ ಗಿಡ ಕಿತ್ತೆವು, ನಿಂತ ನೀರು ಹೊರಗೆ ಬಿಟ್ಟೆವು. ಅರ್ಧ ಹೊಲ ಉಳಿಯಿತು, ಅರ್ಧ ಹೋಯಿತು. ದೊಡ್ಡವ್ವನ ತಮ್ಮಂದಿರ ಮಾತು ಗೆದ್ದಿತು. ದಾರಿಯಲ್ಲಿ ಗಾಡಿ ನಿಲ್ಲಿಸಿ ಕ್ಷಮಿಸಿ ಕಾಕಾ ಅಂದೆ. ದನಿ ನಂದಾ ಇತ್ತಂತಲ್ಲೋ, ಅಂದಮ್ಯಾಗ ತಪ್ಪೂ ನಂದಾ, ನಡಿ ಅಂದರು. ಬೇರು ನೋಡದೆ ಮಾತಾಡಿದವರಲ್ಲ ಅನ್ನುವ ಒಂದೇ ಒಂದು ಹೆಸರಿತ್ತು ಅವರಿಗೆ. ಅದೂ ಆ ವರ್ಷ ಹೋಯಿತು. ಈಗ ನೀವೂ ಫೋನಿನಾಗ ಹೇಳ್ತೀರಂತಲ್ರಿ ಅಂತ ಗಿರಾಕಿಗಳು ಚುಚ್ಚಿದರೆ ಸುಮ್ಮನೆ ಕೆಮ್ಮುತ್ತಿದ್ದರು. ಆಮೇಲೆ ನಾನು ಅವರ ದನಿ ಮಾಡಲಿಲ್ಲ. ಅವರೂ ಮಾಡು ಅನ್ನಲಿಲ್ಲ...

ಕಾಕಾ ಹೋಗಿ ಎರಡು ವರ್ಷವಾಯಿತು. ಅಲ್ಲೀಗ ಮೊಬೈಲ್ ಕವರಿನ ಅಂಗಡಿ. ಕಾಕಾ ಇಲ್ಲ ಅನ್ನುವುದು ದೊಡ್ಡವ್ವನಿಗೂ ಗೊತ್ತು. ಆದರೂ ಬೇರು ಕಿತ್ತು ತಂದಿದ್ದಾಳೆ. ಕೈ ತಾನಾಗೇ ಕಿತ್ತು ಸುತ್ತಿಬಿಡ್ತಪ ಅಂದಳು. ಆಮೇಲೆ, ಅವರ ದನಿ ಒಂದು ಸಲ ಮಾಡು, ಕೇಳಬೇಕನ್ನಿಸೈತಿ ಅಂದಳು.

ಎರಡು ಸಲ ಕೆಮ್ಮಿದೆ. ಇಲ್ಲದ ಕನ್ನಡಕವನ್ನು ಮೇಲೆತ್ತಿದೆ. "ಹೇಳವ್ವಾ, ಎಲಿ ಹೆಂಗ ಅದಾವು?"

ದೊಡ್ಡವ್ವ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಗಿಡವನ್ನು ಮೆಲ್ಲಗೆ ಮತ್ತೆ ಪೇಪರಿನಲ್ಲಿ ಸುತ್ತತೊಡಗಿದಳು.

"ದನಿ ಅವರದಾ ಐತಿ ಬಿಡು. ಅವತ್ತು ಫೋನಿನಾಗೂ ಹಿಂಗಾ ಇತ್ತು. ಬೇರು ಮಾತ್ರ ನೀನು ಅವತ್ತೂ ಕೇಳಲಿಲ್ಲ."