ಹೀಟರು ಹಚ್ಚಿಕೊಂಡು ತವರಿಗೆ

ಧೈರ್ಯವೆಂಬುದು ಪ್ರತಿಯೊಬ್ಬ ಮನುಷ್ಯನಲ್ಲಿಯೂ ಹುದುಗಿರುತ್ತದೆ. ತಕ್ಕ ಸಮಯ ಬಂದಾಗ ತಾನಾಗಿಯೇ ಹೊರಗೆ ಬರುತ್ತದೆ. ನನ್ನದು ಇಂಡಿಯಿಂದ ಮುದ್ದೇಬಿಹಾಳದವರೆಗೆ ತಲೆ ಹೊರಗೆ ಹಾಕಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಕಡೆಯ ಒಂದು ಬೇಸಿಗೆ. ನಾನು ಇಂಡಿ ಪಟ್ಟಣದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೆ. ಹೆಂಡತಿಗೆ ಏಳು ತಿಂಗಳು ನಡೆದಿತ್ತು. ಹಿಂದಿನ ವರ್ಷದ ಬಸಿರು ಒಂದು ಬಸ್ಸಿನ ಪ್ರಯಾಣದ ನಂತರ ಉಳಿದಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಯಾರೂ ಮರೆತೂ ಇರಲಿಲ್ಲ. ಈ ಸಲ ಕಾವು ತಾಕಿಸಬೇಡಿ, ಕುಲುಕಾಟವಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಬಸ್ಸಿನ ಮಾತೇ ಇರಲಿಲ್ಲ. ಸೀಮಂತದ ಕುಬಸ ಮಾಡಿ ತಂಗಿಯನ್ನು ತವರಿಗೆ ಕರೆದೊಯ್ಯಲು ಅವಳ ಅಣ್ಣ, ಅಂದರೆ ನನ್ನ ಭಾವ, ಮುದ್ದೇಬಿಹಾಳದಿಂದ ತಮ್ಮ ಕಾರನ್ನೇ ತಂದರು.

ಭಾವ ಹತ್ತಿಯ ವ್ಯಾಪಾರಿ. ಕಾರು ಮಾತ್ರ ವ್ಯಾಪಾರಿಯದಲ್ಲ, ರಾಜಕುಮಾರನದು. ಇಂಗ್ಲೆಂಡಿನಲ್ಲಿ ಹುಟ್ಟಿ, ಸೊಲ್ಲಾಪುರದಲ್ಲಿ ಪ್ರಾಯ ಕಳೆದು, ಮುಪ್ಪಿನಲ್ಲಿ ಭಾವನ ಕೈಗೆ ಬಂದ ಸ್ಪೋರ್ಟ್ಸ್ ಕಾರು. ಮುಂದೆ ಎರಡು ಸೀಟು, ಹಿಂದೆ ಪೆಟ್ಟಿಗೆ ಇಡುವ ಹಲಗೆ, ಮೇಲೆ ಕ್ಯಾನ್ವಾಸಿನ ಚಾವಣಿ. ನೆಲಕ್ಕೆ ಎಷ್ಟು ಅಂಟಿಕೊಂಡಿತ್ತೆಂದರೆ ನಮ್ಮ ತಾಯಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರಾಗ ಬಸರಿ ಹೆಂಗಸು ಕೂಡೂದೇನೋ ಕೂಡತಾಳ, ಏಳೂದು ಹ್ಯಾಂಗಪಾ?" ಎಂದರು.

ಹೊರಡುವ ಮುಂಚೆ ಭಾವ ತಂಗಿಗೆಂದೇ ಒಂದು ವಿಶೇಷ ವ್ಯವಸ್ಥೆ ಮಾಡಿದರು. ಒಂದು ಗೋಣಿಚೀಲವನ್ನು ನೀರಿನಲ್ಲಿ ಅದ್ದಿ, ಕಾರಿನ ಮೂತಿಯ ಜಾಲರಿಗೆ ಹುರಿಯಿಂದ ಬಿಗಿದು ಕಟ್ಟಿದರು. "ಕುಡಿಯೂ ನೀರಿನ ಕೊಡಕ್ಕ ಹಸಿ ಅರಿವಿ ಸುತ್ತತೀವಲ್ರೀ? ಹಂಗ ಎಂಜಿನ್ ತಂಪ ಇರತೈತಿ." ಜನ್ಮವೆಲ್ಲ ಕೊಡಗಳಿಗೆ ಅರಿವೆ ಸುತ್ತಿದ್ದ ನಮ್ಮ ತಾಯಿ ತಲೆದೂಗಿದರು. ನಾನೂ ತಲೆದೂಗಿದೆ. ಆಮೇಲೆ ಮೊಸರನ್ನದ ಬುತ್ತಿಯನ್ನೂ ನೀರಿನ ಕೊಡವನ್ನೂ ಅಪ್ಪಿಕೊಂಡು, ಪೆಟ್ಟಿಗೆಯಾಗಿ ಹಿಂದಿನ ಹಲಗೆಯ ಮೇಲೆ ಕುಳಿತೆ.

ಸಿಂದಗಿ ಇನ್ನೂ ಮುಂದಿರುವಾಗಲೇ ಕಾವು ತೋರಿಸುವ ಮುಳ್ಳು ಮೇಲೇರತೊಡಗಿತು. ಬರುವಾಗ ಕಾರು ಹೀಗೆ ಕಾದಿರಲಿಲ್ಲ. ಅದು ನಸುಕಿನ ತಂಪಿನ ಪ್ರಭಾವವೆಂದು ನಾವಿಬ್ಬರೂ ಗಂಡಸರು ತೀರ್ಮಾನಿಸಿದೆವು. ಭಾವ ಒಂದು ಗುಂಡಿಯನ್ನು ಜಗ್ಗಿದರು. ಕಾಲ ಬಳಿಯ ಪೆಟ್ಟಿಗೆಯಿಂದ ಭರ್ ಎಂದು ಬಿಸಿಗಾಳಿ ಹೊರಟಿತು.

"ಇದೇನ್ರಿ ಭಾವಾರ?"

"ಹೀಟರ್ರಿ. ಆ ದೇಶದಾಗ ಥಂಡಿ ಭಾಳ."

"ಇಲ್ಲಿ ಯಾಕ್ರಿ?"

"ಎಂಜಿನ್ ನೀರು ಈ ಪೆಟ್ಟಗಿಗೆ ಬಂದು ಹೋಗತೈತಿ. ಅದರ ಝಳ ನಮ್ಮ ಕಡೆ ಬಂದ್ರ ಎಂಜಿನ್ ಉಳಿತೈತಿ ವಕೀಲರ."

ನಿಮ್ಮ ತಂಗಿ ಉಳಿಯುವುದು ಬೇಡವೇ ಎಂಬ ಪ್ರಶ್ನೆ ಗಂಟಲಿನವರೆಗೆ ಬಂದಿತ್ತು. ಆದರೆ ಎಂಜಿನ್ನು ಸುಟ್ಟುಹೋದರೆ ಆ ಬಯಲಿನಲ್ಲಿ ಬಸ್ಸಿಗೆ ಕಾಯಬೇಕು, ಬಸ್ಸೆಂದರೆ ಹಿಂದಿನ ವರ್ಷ. ಹೀಟರು ನಿಲ್ಲಿಸಿದರೆ ಎಂಜಿನ್ನಿಗೆ ಅಪಾಯ, ಇಟ್ಟರೆ ಅವಳಿಗೆ. ಎರಡೂ ಪಕ್ಷಗಳ ವಕಾಲತ್ತು ಒಬ್ಬನೇ ವಹಿಸಿದವನ ಹಾಗೆ ಕುಳಿತೆ. ಅವಳ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ನಾನು ಟವೆಲ್ಲಿನಿಂದ ಗಾಳಿ ಹಾಕುತ್ತ ಹೋದೆ. ಬಿಸಿಗಾಳಿಯನ್ನೇ ತಿರುಗಿ ಅವಳ ಮೇಲೆ ಹಾಕುತ್ತಿದ್ದೇನೆಂದು ಹೊಳೆಯಲಿಲ್ಲ.

ಸಿಂದಗಿಯಲ್ಲಿ ನಿಂತು ರೇಡಿಯೇಟರಿಗೆ ನೀರು ತುಂಬಿ, ಗೋಣಿಯನ್ನು ಇನ್ನಷ್ಟು ತೋಯಿಸಿ, ಭಕ್ತಿಯಿಂದ ಇನ್ನಷ್ಟು ಬಿಗಿದೆವು. ಬಾಗೇವಾಡಿಯ ದಾರಿ ಹಿಡಿದ ಮೇಲೆ ಮುಳ್ಳು ಮೊದಲಿಗಿಂತ ಬೇಗ ಏರಿತು. ಹೀಟರಾದರೂ ಕಡಿಮೆ ಮಾಡಿ ಎಂದೆ. ಭಾವ ಗುಂಡಿಯನ್ನು ಒತ್ತಿದರು. ಒಳಗೆ ತಂತಿ ಕಿತ್ತು ಗುಂಡಿ ಅವರ ಕೈಗೇ ಬಂತು. ಹೀಟರು ಹಾಗೇ ಉರಿಯುತ್ತ ಉಳಿಯಿತು.

ನನ್ನ ಹೆಂಡತಿ ಮೆಲ್ಲಗೆ, "ಏನ್ರೀ, ಹೊಟ್ಟಿ ಬಿಗಿ ಆಗಾಕತ್ತೈತಿ" ಅಂದಳು.

ಹಿಂದಿನ ವರ್ಷವೂ ಹೀಗೇ ಶುರುವಾಗಿತ್ತು. ನನ್ನ ಕೈಕಾಲು ತಣ್ಣಗಾದವು. ಆ ಕಾರಿನಲ್ಲಿ ಆ ಹೊತ್ತಿಗೆ ತಣ್ಣಗಿದ್ದದ್ದು ಅವಷ್ಟೇ.

ರಸ್ತೆಬದಿಯ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಇಬ್ಬರೂ ಸೇರಿ ಅವಳನ್ನು ಎಬ್ಬಿಸಿ ನೆರಳಿಗೆ ಕೂರಿಸಿದೆವು. ಕೊಡದ ನೀರು ಕುಡಿಸಿದೆ. ಊರಿಲ್ಲ, ಮನೆಯಿಲ್ಲ, ಎತ್ತ ನೋಡಿದರೂ ಕರಿ ಎರೆಹೊಲ ಬಾಯಿಬಿಟ್ಟು ಬಿದ್ದಿತ್ತು. ಭಾವ ಬಾನೆಟ್ಟು ಎತ್ತಿ ತನಿಖೆ ಆರಂಭಿಸಿದರು. ಮೊದಲು ಫ್ಯಾನಿನ ಪಟ್ಟಿಯ ಮೇಲೆ ಆರೋಪ ಬಂತು. ಅದು ಗಟ್ಟಿಯಾಗಿತ್ತು, ಬಿಡುಗಡೆಯಾಯಿತು. ಆಮೇಲೆ ನೀರಿನ ಪೈಪು, ಅದೂ ನಿರಪರಾಧಿ. ಕೊನೆಗೆ ಪೆಟ್ರೋಲಿನ ಮೇಲೆ ಸಂಶಯ ಪಟ್ಟು, ಉಳಿದ ನೀರನ್ನು ಗೋಣಿಯ ಮೇಲೆ ಸುರಿಯಲು ಕೊಡ ಎತ್ತಿದರು.

"ಅಣ್ಣಾ, ನಿಲ್ಲು" ಅಂದಳು ಅವಳು. "ಕೊಡಕ್ಕ ಅರಿವಿ ಸುತ್ತತೀವಿ, ಖರೆ. ಕೊಡ ಓಡತೈತೇನು? ಉಸರಾಡತೈತೇನು? ಇದರ ಮೂಗಿಗೆ ಗೋಣಿ ಕಟ್ಟಿ ಓಡಸಾಕತ್ತಿಯಲ್ಲ, ಗಾಳಿ ಎಲ್ಲಿಂದ ಹೋಗಬೇಕು?"

ಭಾವನ ಮುಖ ಗಂಭೀರವಾಯಿತು. "ನೀ ಮೋಟಾರ ಕಲತದ್ದು ಯಾವಾಗವಾ?"

"ಈಗ. ಕಾಲಿಗೆ ಝಳ ಬಡಿಸ್ಕೊಂತ ಕುಂತಾಗ. ಬಿಚ್ಚು ಅದನ್ನ."

ಆ ದನಿಗೆ ಮೇಲ್ಮನವಿ ಇರಲಿಲ್ಲ. ಭಾವ ಹುರಿ ಹರಿದರು. ಜಾಲರಿಗೆ ಒಂದಿಷ್ಟೂ ಗಾಳಿ ನುಗ್ಗದಂತೆ ಗೋಣಿ ಅಂಟಿ ಕುಳಿತಿತ್ತು. ಹೀಟರಿಗೆ ಹೋಗುವ ನೀರಿನ ತಿರುಪನ್ನು ಇಕ್ಕಳದಿಂದ ಹಿಡಿದು ತಿರುಗಿಸಿ ಮುಚ್ಚಿದರು, ಬೆರಳು ಸುಟ್ಟುಕೊಂಡರು. ನನಗೆ ಕನಿಕರ ಬರಲಿಲ್ಲ.

ಕಾರು ಆರಿದ ಮೇಲೆ ಹೊರಟೆವು. ಮುಳ್ಳು ನಡುವಿನಲ್ಲಿ ಸಾಧುವಿನ ಹಾಗೆ ಕುಳಿತಿತ್ತು. ಕಾರು ಅಷ್ಟು ಚೆನ್ನಾಗಿ ಓಡಿದ್ದನ್ನು ನಾನು ಮುಂದೆಂದೂ ನೋಡಲಿಲ್ಲ, ಅಂದು ಮೆಚ್ಚುವ ಮನಸ್ಥಿತಿಯಲ್ಲೂ ಇರಲಿಲ್ಲ. ಅವಳ ಹೊಟ್ಟೆ ಬಿಗಿಯುವುದು ನಿಂತಿರಲಿಲ್ಲ. ಪ್ರತಿ ಸಲ ಬಿಗಿದಾಗಲೂ ಹಿಂದೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಹಸಿರು ಬಳೆಗಳು ನನ್ನ ಚರ್ಮಕ್ಕೆ ಒತ್ತುತ್ತಿದ್ದವು. ಕೈ ಬಿಟ್ಟಳೆಂದರೆ ಮುಂದಿನದಕ್ಕೆ ಕಾಯುವುದು. ಭಾವ ತಗ್ಗು ಬಂದಲ್ಲೆಲ್ಲ ಮೊಟ್ಟೆಗಳ ಮೇಲೆ ನಡೆಸುವವರಂತೆ ಕಾರು ನಡೆಸಿದರು.

ಬಸವನ ಬಾಗೇವಾಡಿಯಲ್ಲಿ ಜನ ಡಾಕ್ಟರಬಾಯಿ ಎಂದು ಕರೆಯುವ ಲೇಡಿ ಡಾಕ್ಟರೊಬ್ಬರ ಮನೆ ಹುಡುಕಿ ಅವಳನ್ನು ಒಳಗೆ ಕಳಿಸಿದೆವು. ನಾವಿಬ್ಬರು ಕಟ್ಟೆಯ ಮೇಲೆ ಕುಳಿತೆವು. ಒಳಗಿನಿಂದ ಪಾತ್ರೆಯ ಸದ್ದಾದರೂ ನಾನು ಎದ್ದು ನಿಲ್ಲುತ್ತಿದ್ದೆ.

"ವಕೀಲರ, ಏನರ ಆದ್ರ..." ಎಂದು ಭಾವ ಶುರುಮಾಡಿದರು.

"ಮಾತಾಡಬ್ಯಾಡ್ರಿ" ಎಂದೆ. ಅವರಿಗೆ ನಾನು ಆಡಿದ ಒಂದೇ ಬಿರುಸು ಮಾತು ಅದು.

ಬಹಳ ಹೊತ್ತಿನ ಮೇಲೆ ಡಾಕ್ಟರಬಾಯಿ ಹೊರಗೆ ಬಂದರು. "ನೋವು ಇಳದಾವು. ಕೂಸಿನ ಎದಿ ಬಡಿತ ಛಲೋ ಐತಿ. ಮೈ ಕಾದು ನೀರು ಕಡಿಮಿ ಆಗಿತ್ತು. ಏನ್ರೀ, ಈ ಬಿಸಲಾಗ ಬೆಂಕಿ ಮುಂದ ಕುಂದ್ರಿಸಿದ್ರೇನು ಆಕೀನ್ನ?"

ನಾವು ಇಬ್ಬರೂ ವಿದ್ಯಾವಂತರು ನೆಲ ನೋಡಿದೆವು.

ಬಿಸಿಲು ಇಳಿಯುವವರೆಗೆ ಅವಳನ್ನು ಅಲ್ಲೇ ಮಲಗಿಸಿದರು. ಸಂಜೆ ಚಾವಣಿ ಮಡಚಿ, ಎತ್ತಿನ ಬಂಡಿಗಳೂ ನಮ್ಮನ್ನು ದಾಟುವ ವೇಗದಲ್ಲಿ ಮುದ್ದೇಬಿಹಾಳ ಮುಟ್ಟಿದೆವು.

ಶ್ರಾವಣದಲ್ಲಿ ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು.